ಎಚ್‌ಟಿ-2 ಇಟ್ಟುಕೊಂಡು ಫಿಸಿಕ್ಸ್ ಕಲಿಸಿದ ಸರ್

ಬಳ್ಳಾರಿಯಲ್ಲಿ ನಮಗೆ ಫಿಸಿಕ್ಸ್ ಹೇಳುತ್ತಿದ್ದ ಸರ್‌ಗೆ ವಿಮಾನ ಅಂದರೆ ಪ್ರಾಣ. ಅದರಲ್ಲೂ ಜೆಟ್ ಅಲ್ಲ, ಹೊಸ ಪೈಲಟ್‌ಗಳು ಹಾರಾಟ ಕಲಿಯುತ್ತಿದ್ದ ಪ್ರೊಪೆಲ್ಲರ್ ವಿಮಾನ ಎಚ್‌ಟಿ-2. ಟಾರ್ಕ್ ಇರಲಿ, ಗುರುತ್ವ ಕೇಂದ್ರ ಇರಲಿ, ಗಾಳಿಯ ಸಾಂದ್ರತೆ ಇರಲಿ, ಉದಾಹರಣೆಗೆ ಅದೇ ವಿಮಾನ ಬರುತ್ತಿತ್ತು. ಕಾಲೇಜು ಪತ್ರಿಕೆಗೆ ಬರೆಯಿರಿ ಅಂದಾಗ ನನಗೆ ಬೇರೇನೂ ತೋಚಲೇ ಇಲ್ಲ.

ಎಚ್‌ಟಿ-2 ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ. ವಿನ್ಯಾಸ ಮಾಡಿದ್ದು ಡಾ. ವಿ. ಎಂ. ಘಾಟಗೆ ಮತ್ತು ಅವರ ತಂಡ. ಘಾಟಗೆ ಜರ್ಮನಿಯಲ್ಲಿ ಗಾಳಿಯ ಹರಿವಿನ ದೊಡ್ಡ ವಿಜ್ಞಾನಿ ಪ್ರಾಂಟ್ಲ್ ಅವರ ಹತ್ತಿರ ಕಲಿತು ಬಂದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದವರು. 1951ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಹಾರಿತು. ಭಾರತದಲ್ಲೇ ವಿನ್ಯಾಸವಾಗಿ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಮೊದಲ ವಿಮಾನ ಅದು. ಅಲ್ಲಿಯವರೆಗೆ ಹೊಸ ಹುಡುಗರು ಕಲಿಯುತ್ತಿದ್ದದ್ದು ಬಟ್ಟೆ ಹೊದಿಸಿದ, ಒಂದರ ಮೇಲೊಂದು ರೆಕ್ಕೆಯ ಟೈಗರ್ ಮಾತ್‌ನಲ್ಲಿ. ಎಚ್‌ಟಿ-2 ಪೂರ್ತಿ ಲೋಹದ್ದು, ಒಂದೇ ಜೊತೆ ರೆಕ್ಕೆ, ಹಿಂದೆ ಮುಂದೆ ಎರಡು ಸೀಟು. ಮುಂದೆ ಘಾನಾ ದೇಶಕ್ಕೂ ಹೋಯಿತು.

ಸರ್‌ಗೆ ಜಾಸ್ತಿ ಇಷ್ಟ ಅದರ ಎಂಜಿನ್. 155 ಅಶ್ವಶಕ್ತಿಯ ಸಿರಸ್ ಮೇಜರ್, ನಾಲ್ಕೇ ಸಿಲಿಂಡರ್, ಅದೂ ತಲೆಕೆಳಗಾಗಿ ಕೂರಿಸಿದ್ದು. ಯಾಕೆ ಹಾಗೆ ಅಂತ ಕೇಳಿ ನಮ್ಮ ಮುಖ ನೋಡುತ್ತಾ ನಿಲ್ಲುತ್ತಿದ್ದರು, ಉತ್ತರ ಬರುವವರೆಗೆ ಬಿಡುತ್ತಿರಲಿಲ್ಲ. ಸಿಲಿಂಡರ್ ಕೆಳಗೆ ಹೋದರೆ ಪ್ರೊಪೆಲ್ಲರ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಮೇಲೆ ಬರುತ್ತದೆ, ಅದರ ಜೊತೆ ಪ್ರೊಪೆಲ್ಲರ್ ಕೂಡ ನೆಲದಿಂದ ಮೇಲೇಳುತ್ತದೆ, ಮೂಗಿನ ಮೇಲ್ಭಾಗ ತಗ್ಗುವುದರಿಂದ ಪೈಲಟ್‌ಗೆ ಮುಂದಿನದು ಚೆನ್ನಾಗಿ ಕಾಣುತ್ತದೆ.

ಆಮೇಲೆ ಬಾಲದ ಚಕ್ರ. ಇಲ್ಲಿ ವಿಮಾನದ ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ನಿಂತಂತಿರುವ ಬಿಂದು, ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಹಾಗಾಗಿ ಇಳಿದು ಓಡುವಾಗ ಸ್ವಲ್ಪ ಅಡ್ಡ ತಿರುಗಿದರೂ ಅದು ತಾನಾಗಿ ನೆಟ್ಟಗಾಗುವುದಿಲ್ಲ, ಇನ್ನೂ ತಿರುಗುತ್ತಾ ಹೋಗುತ್ತದೆ. ಮಕ್ಕಳ ಮೂರು ಗಾಲಿ ಸೈಕಲ್ಲನ್ನು ಜೋರಾಗಿ ಹಿಂದಕ್ಕೆ ತಳ್ಳಿ ನೋಡಿ ಅನ್ನುತ್ತಿದ್ದರು ಸರ್. ಅದಕ್ಕೇ ಎಚ್‌ಟಿ-2ದಲ್ಲಿ ಕಲಿತವನ ಕಾಲು ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೆಡಲ್ ಮೇಲೆ ಸದಾ ಎಚ್ಚರವಾಗಿರಬೇಕಿತ್ತು.

ಒಂದು ಮೇ ತಿಂಗಳ ಪ್ರಶ್ನೆ ಇನ್ನೂ ತಲೆಯಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಬಳ್ಳಾರಿ ಅದರ ಅರ್ಧದಷ್ಟು. ಬೆಂಗಳೂರಿನ ಬೆಳಗಿನ 20 ಡಿಗ್ರಿ, ಬಳ್ಳಾರಿಯ ಮಧ್ಯಾಹ್ನದ 42 ಡಿಗ್ರಿ, ಎಚ್‌ಟಿ-2 ಎಲ್ಲಿ ಜಾಸ್ತಿ ದೂರ ಓಡಿ ಏಳಬೇಕು? ಎಲ್ಲರೂ ಬೆಂಗಳೂರು ಅಂದೆವು, ಎತ್ತರ ಅಲ್ವಾ. ಲೆಕ್ಕ ಹಾಕಿದಾಗ ಬಳ್ಳಾರಿ ಬಂತು. ನಮ್ಮ ಬಿಸಿಲಿಗೆ ಗಾಳಿ ಅಷ್ಟು ತೆಳುವಾಗಿರುತ್ತದೆ, ರೆಕ್ಕೆಗೂ ಕಡಿಮೆ, ಎಂಜಿನ್‌ಗೂ ಕಡಿಮೆ. ಒತ್ತಡ, ಬಿಸಿ, ಸಾಂದ್ರತೆಗಳನ್ನು ಜೋಡಿಸುವ ಆದರ್ಶ ಅನಿಲದ ಸೂತ್ರ ನನಗೆ ನಿಜವಾಗಿ ಅರ್ಥವಾದದ್ದು ಆ ದಿನ.

ಎಚ್‌ಟಿ-2 ಜಾಗಕ್ಕೆ ಎಚ್‌ಪಿಟಿ-32 ದೀಪಕ್ ಬಂತು. 1977ರ ಜನವರಿಯಲ್ಲಿ ಮೊದಲ ಹಾರಾಟ, 260 ಅಶ್ವಶಕ್ತಿ, ಗುರು-ಶಿಷ್ಯರು ಅಕ್ಕಪಕ್ಕ ಕೂರುವ ವ್ಯವಸ್ಥೆ. ಆದರೆ ಹಾರಾಟದ ನಡುವೆ ಎಂಜಿನ್ ನಿಂತುಹೋಗುವ ತೊಂದರೆ ಅದನ್ನು ಬಿಡಲಿಲ್ಲ. 2009ರ ಜುಲೈನಲ್ಲಿ ಇಬ್ಬರು ಪೈಲಟ್‌ಗಳು ತೀರಿಕೊಂಡ ಮೇಲೆ ಅದರ ಹಾರಾಟ ನಿಲ್ಲಿಸಿದರು. ಆಮೇಲೆ ಹೊಸಬರು ನೇರವಾಗಿ ಕಿರಣ್ ಜೆಟ್‌ನಲ್ಲೇ ಕಲಿಯಬೇಕಾಯಿತು, 2013ರಲ್ಲಿ ಸ್ವಿಸ್ ತರಬೇತಿ ವಿಮಾನ ಪಿಲಾಟಸ್ ಬರುವ ತನಕ. ನನಗೆ ಇದು ಈಗಲೂ ನೋವಿನ ವಿಷಯ. ಯುದ್ಧ ವಿಮಾನ ಕೈಕೊಟ್ಟರೆ ಒಳಗೆ ನುರಿತವನಿರುತ್ತಾನೆ, ತರಬೇತಿ ವಿಮಾನದಲ್ಲಿ ಕೂತಿರುವವನು ಇಪ್ಪತ್ತರ ಆಸುಪಾಸಿನ ಹುಡುಗ. ಅವನ ವಿಮಾನವೇ ಎಲ್ಲಕ್ಕಿಂತ ಗಟ್ಟಿಯಾಗಿರಬೇಕು.

ಈಗ ಓದುತ್ತಿರುವವರು ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಬನ್ನಿ. ಎಚ್‌ಟಿ-2 ಅಲ್ಲಿದೆ. ಸುಮ್ನೆ ಫೋಟೋ ತೆಗೆದುಕೊಂಡು ಬರಬೇಡಿ, ಬಾಲದ ಚಕ್ರ ನೋಡಿ, ಮುಖ್ಯ ಚಕ್ರಗಳು ಎಷ್ಟು ಮುಂದಿವೆ ನೋಡಿ, ಗುರುತ್ವ ಕೇಂದ್ರ ಎಲ್ಲಿರಬಹುದು ಅಂತ ಅಲ್ಲೇ ನಿಂತು ಅಂದಾಜು ಮಾಡಿ.