ತೆಂಗಿನ ಮರದ ಕುಣಿತ ಕೊನೆಗೂ ನಿಂತಿತು

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ತೆಗೆದ ಫ್ರೇಮನ್ನು ನೂಲ ಹುಣ್ಣಿಮೆಯ ಫ್ರೇಮಿನ ಮೇಲೆ ಹಾಕಿ ನೋಡಿದೆ. ಹಸಿರು ಗದ್ದೆ ಮೆಲ್ಲಗೆ ಕರಗಿತು, ಅದರ ಜಾಗದಲ್ಲಿ ಕೂಳೆ ಬಂತು, ನಡುನಡುವೆ ನೀರು ಹೊಳೆಯಿತು. ಎಡಗಡೆಯ ತೆಂಗಿನ ಮರ ಮಾತ್ರ ನಿಂತಲ್ಲೇ ನಿಂತಿತ್ತು. ರಾತ್ರಿ ಹನ್ನೊಂದೂವರೆಗೆ ನಾನೊಬ್ಬನೇ ಕುಳಿತು ಅದನ್ನು ಮೂವತ್ತು ಸಲ ಹಿಂದೆ ಮುಂದೆ ಓಡಿಸಿದೆ. ಹೊರಗೆ ಪಟಾಕಿ, ಒಳಗೆ ನಾನು ಮತ್ತು ಅಲುಗಾಡದ ಒಂದು ತೆಂಗಿನ ಮರ.

ಹೋದ ದೀಪಾವಳಿಗೆ ಶುರು ಮಾಡಿದ ಕೆಲಸ ಇದು. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆ, ಅಂದರೆ ಉಪ್ಪುನೀರು ಬಂದುಹೋಗುವ ಗದ್ದೆ. ಒಂದೇ ಜಾಗ, ಒಂದೇ ಲೆನ್ಸು, ಪ್ರತಿ ಹುಣ್ಣಿಮೆ, ಪ್ರತಿ ಅಮಾವಾಸ್ಯೆ, ಬೆಳಿಗ್ಗೆ ಎಂಟು ಗಂಟೆ. ಪಂಚಾಂಗ ಯಾಕೆ ಅಂತ ಕೇಳುವವರಿಗೆ: ಭರತ, ಅಂದರೆ ಸಮುದ್ರದ ನೀರಿನ ಏರು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹದಿನಾಲ್ಕು ಹದಿನೈದು ದಿನ ಕಳೆದರೆ ಮತ್ತೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಭಾನುವಾರ ಭಾನುವಾರ ಹೋದರೆ ಒಂದು ಫೋಟೊದಲ್ಲಿ ಹೊಳೆ ತುಂಬಿರುತ್ತದೆ, ಇನ್ನೊಂದರಲ್ಲಿ ಕೆಸರು. ನೋಡುವವರು ಅದನ್ನೇ ಋತು ಅಂದುಕೊಳ್ಳುತ್ತಾರೆ. ಹುಣ್ಣಿಮೆ ಅಮಾವಾಸ್ಯೆ ಹಿಡಿದರೆ ನೀರಿನ ಲೆಕ್ಕ ತಕ್ಕಮಟ್ಟಿಗೆ ಕೂಡುತ್ತದೆ. ಶಾಲೆಯ ರಜೆಯ ಲೆಕ್ಕ ಕೂಡುವುದಿಲ್ಲ, ಅದು ಬೇರೆ ಸಂಕಟ.

ಗಜನಿಯನ್ನೇ ಯಾಕೆ ಹಿಡಿದೆ ಅಂದರೆ, ವರ್ಷಕ್ಕೆ ಇಷ್ಟು ಸಲ ವೇಷ ಬದಲಿಸುವ ನೆಲ ನಮ್ಮ ಕಡೆ ಇನ್ನೊಂದಿಲ್ಲ. ಜೂನಿನಲ್ಲಿ ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಕಗ್ಗ ಭತ್ತ ಎರಚುತ್ತಾರೆ. ಉಪ್ಪುನೀರು ಬಂದರೂ ತಡೆಯುವ ತಳಿ ಅದು. ಆಗಸ್ಟಿಗೆ ಎದೆಮಟ್ಟ ಹಸಿರು, ಅಕ್ಟೋಬರಿಗೆ ಕೆಂಪು ಬಂಗಾರ, ಕೊಯ್ಲು. ಆಮೇಲೆ ತೂಬು ತೆಗೆದು ಹೊಳೆ ನೀರು ಒಳಗೆ ಬಿಡುತ್ತಾರೆ. ಕೂಳೆ ಕೊಳೆತು ಸಿಗಡಿಗೆ, ಮೀನಿಗೆ ಊಟ. ಜನವರಿಯಲ್ಲಿ ಅದೇ ಗದ್ದೆ ಕನ್ನಡಿ. 2024ರಲ್ಲಿ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಒಡ್ಡಿನ ಮೇಲೆ ದೊಡ್ಡ ಲೆನ್ಸಿನವರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಹಕ್ಕಿ ಬೇಕು. ಗದ್ದೆ ತೆಗೆಯುವವನನ್ನು ಕಂಡರೆ ಪಾಪ ಅನ್ನುವ ಹಾಗೆ ನೋಡುತ್ತಾರೆ.

ಸರಿ, ಕುಣಿತದ ಕತೆಗೆ ಬರೋಣ.

ಹೋಳಿ ಹುಣ್ಣಿಮೆ ಹೊತ್ತಿಗೆ ಎಂಟೊಂಬತ್ತು ಫ್ರೇಮ್ ಕೂಡಿತ್ತು. ಒಂದರಿಂದ ಒಂದಕ್ಕೆ ಕರಗುವ ಹಾಗೆ ಜೋಡಿಸಿ ಮನೆಯವರಿಗೆ ತೋರಿಸಿದೆ. ಗುಡ್ಡ ಸ್ಥಿರ, ಆಕಾಶ ಸ್ಥಿರ. ತೆಂಗಿನ ಮರ ಎಡಕ್ಕೊಂದು ಹೆಜ್ಜೆ, ಬಲಕ್ಕೆರಡು ಹೆಜ್ಜೆ. ಹೆಂಡತಿ ನೋಡಿ, "ಪಕ್ಕಾ ಬಡಗುತಿಟ್ಟು ಯಕ್ಷಗಾನ. ಮಂಡಿ ಹಾಕೋದೊಂದೇ ಬಾಕಿ" ಅಂದಳು. ಆ ಕ್ಷಣದಿಂದ ಮನೆಯಲ್ಲಿ ಇಡೀ ಕೆಲಸದ ಹೆಸರೇ 'ಮೇಳ'.

ಮೊದಲು ಸಾಫ್ಟ್‌ವೇರನ್ನು ನಂಬಿದೆ. ಫೋಟೊಗಳನ್ನು ಒಂದಕ್ಕೊಂದು ಕೂಡಿಸುವ ಹ್ಯೂಗಿನ್ ಹಾಕಿ ಜೋಡಿಸಿದೆ. ಅದು ಗುಡ್ಡ ಹಿಡಿದರೆ ಮರ ಬಿಡುತ್ತದೆ, ಮರ ಹಿಡಿದರೆ ಗುಡ್ಡ ಬಿಡುತ್ತದೆ. ತಪ್ಪು ಅದರದ್ದಲ್ಲ. ಕ್ಯಾಮೆರಾ ನಿಂತಲ್ಲೇ ತಿರುಗಿದ್ದರೆ ಸಾಫ್ಟ್‌ವೇರ್ ಸರಿ ಮಾಡುತ್ತದೆ. ಜಾಗವೇ ಸರಿದಿದ್ದರೆ ಬ್ರಹ್ಮ ಬಂದರೂ ಆಗುವುದಿಲ್ಲ. ಮರ ನನ್ನಿಂದ ಆರು ಮೀಟರ್, ಗುಡ್ಡ ನಾಲ್ಕು ಕಿಲೋಮೀಟರ್. 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಸೆನ್ಸರ್, 18 ಎಂಎಂ ಲೆನ್ಸು. ಟ್ರೈಪಾಡ್ ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಹೋದರೆ ಮರ ಸುಮಾರು 75 ಪಿಕ್ಸೆಲ್ ಜಿಗಿಯುತ್ತದೆ. ಗುಡ್ಡ ಒಂದು ಪಿಕ್ಸೆಲ್ ಕೂಡ ಅಲ್ಲಾಡುವುದಿಲ್ಲ. ಹತ್ತು ಸೆಂಟಿಮೀಟರ್ ಅಂದರೆ ಎಷ್ಟು? ಒಂದು ಗೇಣೂ ಅಲ್ಲ. ಕೆಸರಿನಲ್ಲಿ ಚಪ್ಪಲಿ ಜಾರಿದರೆ ಅಷ್ಟು ಹೋಗುತ್ತದೆ.

ಅಂದರೆ ಪ್ರತಿ ಸಲ ಸೆಂಟಿಮೀಟರಿನ ಒಳಗೆ ಅದೇ ಜಾಗಕ್ಕೆ ಕ್ಯಾಮೆರಾ ಬರಬೇಕು. ಗುರುತು ಬೇಕು.

ಗುರುತು ಒಂದು: ಮರದ ಗೂಟ. ಒಡ್ಡಿಗೆ ಹೊಡೆದು, ಮೇಲೆ ಮೊಳೆ ಇಟ್ಟು, ಟ್ರೈಪಾಡಿನಿಂದ ತೂಗುಗುಂಡು ಇಳಿಬಿಟ್ಟೆ. ಮೊದಲ ಸಲ ಬಹಳ ಹೆಮ್ಮೆ ಅನಿಸಿತು. ಹದಿನೈದು ದಿನ ಬಿಟ್ಟು ಹೋದರೆ ಗೂಟಕ್ಕೆ ಯಾರೋ ದೋಣಿ ಕಟ್ಟಿದ್ದರು. ದೋಣಿ ಭರತಕ್ಕೆ ಎಳೆದು ಗೂಟ ವಾಲಿಸಿತ್ತು. ಅವರನ್ನು ಬೈಯುವುದು ಹೇಗೆ? ಇಷ್ಟು ಒಳ್ಳೆ ಗೂಟ ಕಂಡರೆ ನಾನೂ ಕಟ್ಟುತ್ತಿದ್ದೆ. ಇನ್ನೊಂದು ಹೊಡೆದೆ. ಅದರ ಬುಡದಲ್ಲಿ ಏಡಿ ಸಂಸಾರ ಹೂಡಿತು.

ಗುರುತು ಎರಡು: ಚಿರೆಕಲ್ಲು. ಅರ್ಧ ಹೂತು ಮೇಲೆ ಬಿಳಿ ಬಣ್ಣದಲ್ಲಿ ಅಡ್ಡಗೆರೆ ಹಾಕಿದೆ. ಮೊದಲು ಇದ್ದಲ್ಲೇ ಇತ್ತು. ಮೇ ಕೊನೆಗೆ ಹೋದರೆ ಕಲ್ಲಿಲ್ಲ. ಮಳೆಗೆ ಮುಂಚೆ ಒಡ್ಡಿಗೆ ಹೊಸ ಮಣ್ಣು ಹಾಕುತ್ತಾರೆ ಅನ್ನುವುದು ಈ ನೆಲದಲ್ಲೇ ಹುಟ್ಟಿದ ನನಗೆ ಹೊಳೆಯಲಿಲ್ಲ. ಕಲ್ಲು ಈಗಲೂ ಒಂದು ಅಡಿ ಕೆಳಗೆ ಸುಖವಾಗಿರಬೇಕು.

ಗುರುತು ಮೂರು: ಜಿಐ ಪೈಪು, ಕಾಂಕ್ರೀಟು, ತಲೆಗೆ ಬೋಲ್ಟು. ಇದರ ಮೇಲೆ ಖರ್ಚಾದ ದುಡ್ಡಿನಲ್ಲಿ ಒಂದು ಒಳ್ಳೆಯ ಫಿಲ್ಟರ್ ಬರುತ್ತಿತ್ತು. ಟ್ರೈಪಾಡಿನ ತಿರುಪು ಕಾಲು ಇಂಚು, ಇಂಚಿಗೆ 20 ಸುತ್ತಿನದ್ದು ಅಂತ ನಮಗೆಲ್ಲ ಗೊತ್ತು. ಅಂಗಡಿಯವರಿಗೆ ಗೊತ್ತಿಲ್ಲ. ಆರು ಎಂಎಂ ಬೋಲ್ಟ್ ಕೊಟ್ಟು, "ಎರಡೂ ಒಂದೇ ಸಾರ್, ಸ್ವಲ್ಪ ಜೋರು ಮಾಡಿ" ಅಂದರು. ಒಂದೇ ಅಲ್ಲ. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಜೋರು ಮಾಡಿದ್ದರೆ ಕ್ಯಾಮೆರಾದ ಅಡಿ ಹೋಗುತ್ತಿತ್ತು. ಸರಿ, ತರಿಸೋಣ ಅಂತ ಆನ್‌ಲೈನಿನಲ್ಲಿ ಸ್ಟೀಲಿನದ್ದು ಹತ್ತು ಹೇಳಿದೆ. 3/8 ಇಂಚಿನದು ಹತ್ತು ಬಂತು. ವಾಪಸ್ ಕಳಿಸಲು ಕೊರಿಯರಿನವರು ನಮ್ಮೂರಿಗೆ ಬರುವುದಿಲ್ಲವಂತೆ. ಕೊಡಲು ಬರುತ್ತಾರೆ, ಒಯ್ಯಲು ಬರುವುದಿಲ್ಲ.

(ಅದೇ ಪೊಟ್ಟಣದಲ್ಲಿ ಲೆನ್ಸಿನ ಡಬ್ಬಕ್ಕೆ ಅಂತ ನೀಲಿ ಸಿಲಿಕಾ ಜೆಲ್ ಹೇಳಿದ್ದೆ. ಬರುವಾಗಲೇ ಗುಲಾಬಿ. ದಾರಿಯಲ್ಲೇ ಹೊಟ್ಟೆ ತುಂಬಾ ನೀರು ಕುಡಿದು ಬಂದಿತ್ತು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ನೀಲಿ ಮಾಡಿಕೊಂಡೆ. ಆ ಬಾಣಲೆ ಈಗ ನನ್ನದೇ, ಅಡುಗೆಮನೆಗೆ ವಾಪಸ್ ಸೇರಿಸಿಕೊಳ್ಳಲಿಲ್ಲ.)

ಇಷ್ಟೆಲ್ಲ ಆದ ಮೇಲೆ ಗಜನಿಯವರನ್ನು ಕೇಳಿದರೆ, ಒಡ್ಡಿನಲ್ಲಿ ಕಾಂಕ್ರೀಟ್ ಬೇಡವೇ ಬೇಡ ಅಂದರು. ಗಟ್ಟಿ ವಸ್ತುವಿನ ಪಕ್ಕದಲ್ಲೇ ಮಣ್ಣು ಬಿಡುತ್ತದೆ, ನೀರು ದಾರಿ ಮಾಡಿಕೊಳ್ಳುತ್ತದೆ, ಒಂದು ರಾತ್ರಿ ಒಡ್ಡು ಹೋದರೆ ನೀವು ಕಟ್ಟಿಸಿಕೊಡುತ್ತೀರಾ ಅಂತ ಕೇಳಿದರು. ಅವರು ಹೇಳಿದ್ದು ನ್ಯಾಯವೇ. ಪೈಪು ಈಗ ಹಿತ್ತಿಲಲ್ಲಿ ಬಟ್ಟೆ ಹಗ್ಗಕ್ಕೆ ಆಸರೆ.

ಜೂನಿನ ಮೊದಲ ಮಳೆಯ ವಾರ. ಒಡ್ಡಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಟೇಪು ಹಿಡಿದು ತೂಬಿನಿಂದ ಅಳೆಯುತ್ತಿದ್ದೆ. ಬಲೆ ತೊಳೆಯುತ್ತಿದ್ದ ಒಬ್ಬ ಅಜ್ಜ ತುಂಬ ಹೊತ್ತು ನೋಡಿ ಕೇಳಿದರು.

"ಎಂತ ಕಳಕೊಂಡ್ರಿ ಮಾಸ್ತರ್ರೆ?"

"ಕಲ್ಲು."

ಇಡೀ ಕತೆ ಹೇಳಿದೆ. ನಗಲಿಲ್ಲ, ಅದು ಅವರ ದೊಡ್ಡತನ. ಬಲೆ ಪಕ್ಕಕ್ಕಿಟ್ಟು, "ನಮ್ಗೆ ಸಮುದ್ರದಲ್ಲಿ ಕಲ್ಲಿನ ಜಾಗ ಇರ್ತದೆ, ಅಲ್ಲೇ ಮೀನು. ನೀರಿನ ಮೇಲೆ ಗೂಟ ಎಲ್ಲಿ ಹೊಡೆಯುದು?" ಅಂದರು. ಆಮೇಲೆ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಈ ಕಡೆ, ಹತ್ತಿರದ ಬಂಡೆ ಹಿಂದಿನ ಗುಡ್ಡದ ತಗ್ಗಿಗೆ ಸರಿಯಾಗಿ ಬರಬೇಕು. ಆ ಕಡೆ, ಮುಂದಿನ ಮರ ಹಿಂದಿನ ದೇವಸ್ಥಾನಕ್ಕೆ ಸರಿಯಾಗಿ ಬರಬೇಕು. ಎರಡೂ ಒಟ್ಟಿಗೆ ಕೂಡುವ ಜಾಗ ಇಡೀ ಸಮುದ್ರದಲ್ಲಿ ಒಂದೇ. ಅಲ್ಲಿ ಬಲೆ ಬಿಡು.

ನಾನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ. ಎಂಟು ತಿಂಗಳಿಂದ ನನ್ನ ವೈರಿಯಾಗಿದ್ದ ಸಂಗತಿಯೇ ಇಲ್ಲಿ ಅಳತೆಗೋಲು. ಮರ ಜಿಗಿಯುತ್ತದೆ ಅಂತ ನಾನು ಅಳುತ್ತಿದ್ದೆ. ಜಿಗಿಯುವುದರಿಂದಲೇ ತಾನೇ ಎಷ್ಟು ಸರಿದಿದ್ದೇನೆ ಅಂತ ಗೊತ್ತಾಗುವುದು? ನೆಲದಲ್ಲಿ ಗುರುತೇ ಬೇಡ. ಫ್ರೇಮಿನ ಒಳಗೇ ಇದೆ.

ಎಡಕ್ಕೆ ತೆಂಗಿನ ಬುಡದ ಅಂಚು ಗುಡ್ಡದ ತಗ್ಗಿಗೆ ತಾಗಬೇಕು. ಬಲಕ್ಕೆ ತೂಬಿನ ಕಂಬ, ಹಿಂದೆ ಗುಡ್ಡದ ಮೇಲಿನ ಒಂಟಿ ಮರ. ಎತ್ತರಕ್ಕೆ ತೂಬಿನ ಮೇಲಿನ ಅಡ್ಡಪಟ್ಟಿ, ಆಚೆ ಮನೆಯ ಜಗಲಿಯ ಗೆರೆ. ಕ್ಯಾಮೆರಾ ಪರದೆಯ ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ಟ್ರೈಪಾಡನ್ನು ಕೂಸಿನ ಹಾಗೆ ಎತ್ತಿ ಎತ್ತಿ ಇಟ್ಟು, ಕೂಡಿಸಿದೆ. ಮೊದಲ ದಿನ ಇಪ್ಪತ್ತು ನಿಮಿಷ ಹಿಡಿಯಿತು. ಕೂಡಿತು!

ಜುಲೈಯಲ್ಲಿ ಗುಡ್ಡವೇ ಮಾಯ.

ಮಳೆಗಾಲದಲ್ಲಿ ನಾಲ್ಕು ಕಿಲೋಮೀಟರ್ ಆಚೆಯ ಗುಡ್ಡ ಕಾಣುವುದಿಲ್ಲ ಅಂತ ಯಾರಾದರೂ ಹೇಳಬೇಕಾ? ಹೇಳಬೇಕಿತ್ತು. ಆಷಾಢದ ಎರಡು ಫ್ರೇಮ್ ಹಾಗೇ ಅಂದಾಜಿನ ಮೇಲೆ ಹೋದವು, ಎರಡರಲ್ಲೂ ಮರ ಕುಣಿದಿದೆ. ಛತ್ರಿ ಹಿಡಿಯಲು ಬಂದಿದ್ದ ಮಗ ಹೇಳಿದ, "ಅಪ್ಪಾ, ಅಜ್ಜ ಮಳೆಗಾಲದಲ್ಲಿ ಮೀನಿಗೆ ಹೋಗೋದಿಲ್ಲ." ಜಾಣ.

ಆದರೆ ಹಿಂದಿನ ಗುರುತು ಅಷ್ಟು ದೂರ ಯಾಕಿರಬೇಕು? ಲೆಕ್ಕ ಹಾಕಿದೆ. ಮರ ಆರು ಮೀಟರಿನಲ್ಲಿದ್ದಾಗ ಹಿಂದಿನ ಗುರುತು ಮುನ್ನೂರು ಮೀಟರಿನಲ್ಲಿದ್ದರೂ ಸೂಕ್ಷ್ಮತೆ ಕಡಿಮೆಯಾಗುವುದು ನೂರಕ್ಕೆ ಎರಡು ಪಾಲು ಮಾತ್ರ. ಒಂದು ಸೆಂಟಿಮೀಟರ್ ಸರಿದರೆ ಏಳು ಪಿಕ್ಸೆಲ್ ಮೇಲೆಯೇ ತಪ್ಪು ಕಾಣುತ್ತದೆ, ಸಾಕಲ್ವಾ? ಗುಡ್ಡ ಬಿಟ್ಟೆ. ಆಚೆ ದಡದ ಕರೆಂಟ್ ಕಂಬವನ್ನು ತೆಂಗಿಗೆ ಜೋಡಿ ಮಾಡಿದೆ, ಹೆಂಚಿನ ಮನೆಯ ಮಾಡಿನ ತುದಿಯನ್ನು ತೂಬಿನ ಕಂಬಕ್ಕೆ. ಜಡಿಮಳೆಯಲ್ಲೂ ನಡುವೆ ಒಂದು ಹೊಳವು ಸಿಕ್ಕರೆ ಎರಡೂ ಕಾಣುತ್ತವೆ. ಆ ಕರೆಂಟ್ ಕಂಬ ಫ್ರೇಮಿನಲ್ಲಿ ಬರಬಾರದು ಅಂತ ವರ್ಷವಿಡೀ ಒದ್ದಾಡಿದವನು ನಾನೇ. ಈಗ ಅದಕ್ಕೆ ಕೈಮುಗಿಯುವುದೊಂದು ಬಾಕಿ.

ಸೆಪ್ಟೆಂಬರಿನಲ್ಲಿ ಇನ್ನೊಂದು ಸಣ್ಣ ಕಿರಿಕಿರಿ. ಕಗ್ಗ ಎದ್ದು ತೆಂಗಿನ ಬುಡ ಮುಚ್ಚಿತು. ಮೇಲಿನ ಕಾಂಡ ಹಿಡಿಯೋಣ ಅಂದರೆ ಗಾಳಿಗೆ ಓಲಾಡುತ್ತದೆ. ಕೊನೆಗೆ ತೆನೆಯ ತುದಿಗಿಂತ ಒಂದು ಗೇಣು ಮೇಲೆ, ಕಾಂಡದ ಮೇಲಿನ ಒಂದು ಹಳೆಯ ಕತ್ತಿ ಗಾಯವನ್ನು ಗುರುತು ಮಾಡಿಕೊಂಡೆ. ಎಳನೀರಿಗೆ ಹತ್ತುವವರು ಎಂದೋ ಕಾಲಿಡಲು ಕಚ್ಚು ಹಾಕಿದ್ದು. ಆ ಎತ್ತರದಲ್ಲಿ ಮರ ಅಲುಗುವುದಿಲ್ಲ.

ನೂಲ ಹುಣ್ಣಿಮೆಯಿಂದ ದೀಪಾವಳಿ ಅಮಾವಾಸ್ಯೆವರೆಗೆ ಆರು ಫ್ರೇಮ್. ಆರೂ ಎರಡು ಮೂರು ಪಿಕ್ಸೆಲಿನ ಒಳಗೆ ಕೂತಿವೆ. ಉಳಿದ ವಾಲಿಕೆಯನ್ನು ಹ್ಯೂಗಿನ್ ಬಾಯಿಮುಚ್ಚಿಕೊಂಡು ಸರಿ ಮಾಡಿತು. ಜೋಡಿಸುವ ಹೊತ್ತು ಈಗ ಆರು ನಿಮಿಷ. ಅಂದರೆ ಮೊದಲ ವರ್ಷದ ಮುಕ್ಕಾಲು ಪಾಲು ಫ್ರೇಮ್ ಕಸಕ್ಕೆ, ಎರಡನೇ ವರ್ಷ ಮತ್ತೆ ಶುರು. ಬೇಜಾರಿಲ್ಲ. ಸ್ವಲ್ಪ ಇದೆ. ಜನವರಿಯ ಕನ್ನಡಿ ನೀರಿನ ಮೇಲೆ ಬೆಳ್ಳಕ್ಕಿ ಸಾಲು ಬಂದಿದ್ದ ಫ್ರೇಮ್ ಮತ್ತೆ ಸಿಗುವುದಿಲ್ಲ.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳ. ಶಿರಸಿ ಕಡೆ ಮಾವನ ಮನೆಯ ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟ ಇದೆ. ಅದರ ಕಂಬಕ್ಕೆ ಸೂಜಿರಂಧ್ರದ ಡಬ್ಬ ಕಟ್ಟಿ, ಒಳಗೆ ಫೋಟೊ ಪೇಪರ್ ಇಟ್ಟು, ಡಿಸೆಂಬರ್ 21ರಿಂದ ಜೂನ್ 21ರವರೆಗೆ ಒಂದೇ ಎಕ್ಸ್‌ಪೋಶರ್. ಸೂರ್ಯನ ಆರು ತಿಂಗಳ ದಾರಿ ಗೆರೆಗೆರೆಯಾಗಿ ಬರುತ್ತದೆ. ವಿಡಿಯೊಗಳಲ್ಲಿ ಎಲ್ಲರೂ ಡಬ್ಬವನ್ನು ದಕ್ಷಿಣಕ್ಕೆ ತಿರುಗಿಸಿ ಅನ್ನುತ್ತಾರೆ. ಅದು ಯುರೋಪಿನವರಿಗೆ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ ನಡುವಿನವರೆಗೆ ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಡಬ್ಬ ಮೇ ತಿಂಗಳಿಡೀ ಸುಮ್ನೆ ಆಕಾಶ ನೋಡುತ್ತಾ ಕೂರುತ್ತದೆ. ಹಾಗಾಗಿ ಪೂರ್ವಕ್ಕೆ ಕಟ್ಟುವುದು. ಜೂನಿನ ಮಳೆ ಒಳಗೆ ಇಳಿಯದ ಹಾಗೆ ಡಬ್ಬ ಮುಚ್ಚುವುದು ಹೇಗೆ ಅಂತ ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ. ಮಾವ ಈಗಾಗಲೇ ಮಂಗ ಕಿತ್ತು ಒಯ್ಯುತ್ತದೆ ಅಂತ ಭವಿಷ್ಯ ಹೇಳಿದ್ದಾರೆ.

ಇಷ್ಟು ಬರೆದು ಮುಗಿಸಿ ನಿನ್ನೆ ಸಂಜೆ ಗಜನಿ ಕಡೆ ಹೋದೆ. ಈ ವರ್ಷ ಮೀನಿಗೆ ಗುತ್ತಿಗೆ ಹಿಡಿದವರು ತೂಬಿನ ಹತ್ತಿರ ನಿಂತು ಕಂಬ ತಟ್ಟಿ ನೋಡುತ್ತಿದ್ದರು. ಹಲಗೆ ಹೇಗೂ ಬದಲಿಸುವುದು, ಕಂಬವೂ ಹಳೆಯದಾಯಿತು, ಎರಡನ್ನೂ ಕಿತ್ತು ಹೊಸದು ಹಾಕುತ್ತೇವೆ ಅಂದರು. ನನ್ನ ಎದೆ ಧಸಕ್ ಅಂದಿತು. ಬಲಗಡೆಯದ್ದೊಂದು ಇನ್ನೊಂದು ವರ್ಷ ಬಿಡಿ ಅಂತ ಕೇಳಿಕೊಂಡೆ. ಕಾರಣ ವಿವರಿಸಿದೆ, ಪಿಕ್ಸೆಲ್ ಸಮೇತ. ಅವರು ಕಂಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮಾಸ್ತರ್ರೆ, ಮಾಘದಲ್ಲಿ ಮಗಳ ಮದುವೆ ಉಂಟು. ಫೋಟೊಕ್ಕೆ ಯಾರಿಗೂ ಹೇಳ್ಲಿಲ್ಲ ಇನ್ನೂ" ಅಂದರು.

ಕಂಬ ಉಳಿಯಿತು. ಫ್ಲಾಶ್ ಎಲ್ಲಿಟ್ಟಿದ್ದೇನೆ ಅಂತ ಹುಡುಕಬೇಕು. ಎರಡು ವರ್ಷದಿಂದ ಮುಟ್ಟಿಲ್ಲ, ಒಳಗಿನ ಸೆಲ್ ತೆಗೆದಿಟ್ಟಿದ್ದೆನೋ ಇಲ್ಲವೋ ನೆನಪಿಲ್ಲ.