ಎಲ್‌ಕೆಜಿ ಕ್ಲಾಸಿನ ಕ್ರಿಸ್ಮಸ್ ವಾರ: ರಾಗಿ, ಗೋದಲಿ, ಕಿಡಿಯೊ

ಮಂಗಳೂರಿನ ನಮ್ಮ ಪುಟ್ಟ ಶಾಲೆಯಲ್ಲಿ ಕ್ರಿಸ್ಮಸ್ ರಜೆಗೆ ಮೊದಲಿನ ವಾರ ಅಂದರೆ ಪಾಠ ಯಾರ ತಲೆಗೂ ಹತ್ತುವುದಿಲ್ಲ. ಹಾಗಾಗಿ ಈ ಸಲ ಒಂದೇ ಕೆಲಸ ಇಟ್ಟುಕೊಂಡೆ: ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಮಾದರಿ ಕಟ್ಟುವುದು. ಎಣಿಕೆ, ಹಾಡು, ಕತೆ ಎಲ್ಲವೂ ಅದರ ಸುತ್ತಲೇ. ಬಣ್ಣ ತುಂಬುವ ಹಾಳೆಗಳ ಕಟ್ಟು ಕಪಾಟಿನಲ್ಲೇ ಇರಲಿ ಅಂತ ಬಿಟ್ಟೆ. ಸಾಂತಾನ ಅಂಗಿಗೆ ಕೆಂಪು ಬಳಿದರೆ ಮನೆಯವರಿಗೆ ಖುಷಿ. ಮಗುವಿಗೆ ಸಿಗುವುದು ಕಮ್ಮಿ.

ಕ್ಲಾಸಿನಲ್ಲಿ ಕ್ರೈಸ್ತ ಮನೆಯ ಮಕ್ಕಳಿಗಿಂತ ಉಳಿದವರೇ ಜಾಸ್ತಿ. ಕೊಂಕಣಿ, ತುಳು, ಬ್ಯಾರಿ, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ಅದಕ್ಕೇ ಕತೆ ಸರಳವಾಗಿರಬೇಕು. ಉಳಿಯಲು ಜಾಗ ಹುಡುಕುವ ಅಪ್ಪ ಅಮ್ಮ, ಹಟ್ಟಿ, ಮೇವಿನ ತೊಟ್ಟಿಯಲ್ಲಿ ಮಲಗಿದ ಪಾಪು. ಇಷ್ಟು ಸಾಕು.

ಹಿಂದಿನ ವಾರ

ಗೋದಲಿಯ ಹಸಿರಿಗೆ ನಮ್ಮ ಕಡೆ ಮನೆಮನೆಯಲ್ಲಿ ಬಟ್ಟಲಲ್ಲಿ ಪೈರು ಬೆಳೆಸುತ್ತಾರಲ್ವಾ, ಅದನ್ನೇ ಕ್ಲಾಸಿಗೆ ತಂದೆ. ಬತ್ತ ನಿಧಾನ, ಅದಕ್ಕೆ ರಾಗಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟೆ. ಬಿಳಿ ಮೊಳಕೆ ಕಂಡ ಮೇಲೆ ಅಗಲವಾದ ಟ್ರೇಯಲ್ಲಿ ಮಣ್ಣು ಹರಡಿ ಮಕ್ಕಳ ಕೈಯಲ್ಲೇ ಉದುರಿಸಿದೆ. ಪುಟ್ಟ ಬೆರಳಿಗೆ ರಾಗಿ ಹಿಡಿತಕ್ಕೆ ಸಿಗುವುದಿಲ್ಲ. ಒಂದು ಮೂಲೆಯಲ್ಲಿ ರಾಶಿ, ಇನ್ನೊಂದು ಮೂಲೆ ಬೋಳು. ಸರಿಮಾಡಲಿಲ್ಲ. ಬೋಳು ಜಾಗವೇ ಆಮೇಲೆ ಕುರುಬರು ನಡೆಯುವ ದಾರಿಯಾಯಿತು.

ಸೋಮವಾರ

ಭಾನುವಾರ ಚರ್ಚಿನಲ್ಲಿ ಗುಲಾಬಿ ಮೇಣದಬತ್ತಿ ಹಚ್ಚಿದ್ದರು. ಆಗಮನ ಕಾಲ ಅಂದರೆ ಕ್ರಿಸ್ಮಸ್‌ಗೆ ಕಾಯುವ ನಾಲ್ಕು ಭಾನುವಾರಗಳು, ವಾರಕ್ಕೊಂದು ಬತ್ತಿ. ನಾಲ್ಕರಲ್ಲಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯ ಸರದಿ ಮೂರನೇ ಭಾನುವಾರಕ್ಕೆ. ಕ್ಲಾಸಿನಲ್ಲಿ ಬ್ಯಾಟರಿ ಬತ್ತಿ ಇಟ್ಟು ಮೂರನ್ನು ಹೊತ್ತಿಸಿದೆವು. "ನಾಲ್ಕನೇದು ಯಾಕೆ ಹಾಕಲಿಲ್ಲ ಟೀಚರ್?" ಅಂತ ದಿನವಿಡೀ ಕೇಳಿದರು. ಇನ್ನೂ ಕಾಯಬೇಕು ಅಂದೆ. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಕಷ್ಟದ ಪಾಠ ಬೇರೆ ಇಲ್ಲ. ಮೂರರ ನಂತರ ನಾಲ್ಕು ಅನ್ನುವುದಂತೂ ಕ್ಲಾಸಿಗೆಲ್ಲ ಬಾಯಿಪಾಠ ಆಯಿತು.

ಮಂಗಳವಾರ

ನಕ್ಷತ್ರ. ಐಸ್‌ಕ್ರೀಂ ಕಡ್ಡಿ ಮೂರು ಸೇರಿಸಿದರೆ ತ್ರಿಕೋನ. ಎರಡು ತ್ರಿಕೋನಗಳನ್ನು ತಲೆಕೆಳಗು ಮಾಡಿ ಅಂಟಿಸಿದರೆ ಆರು ಮೂಲೆಯ ನಕ್ಷತ್ರ. ದೀಪಾವಳಿಗೆ ಗೂಡುದೀಪ ಕಟ್ಟುವ ಅಪ್ಪ ಒಬ್ಬರು ಬಿದಿರಿನ ಕಡ್ಡಿ, ಬಣ್ಣದ ಕಾಗದ ತಂದು ದೊಡ್ಡದೊಂದನ್ನು ಕಟ್ಟಿಕೊಟ್ಟರು. ಕೈಚಳಕ ಅದೇ, ಹಬ್ಬ ಬೇರೆ.

ಗೋದಲಿಗೆ ಮನೆಯಿಂದ ಪ್ರಾಣಿ ತನ್ನಿ ಅಂದಿದ್ದೆ. ಕುರಿ, ದನ, ಕೋಳಿ ಬಂದವು. ಒಬ್ಬ ಹುಲಿ ತಂದ. ಇದು ಮಂಗಳೂರು, ಹುಲಿ ಬಾರದೆ ಇರುತ್ತದಾ? ಕುರಿಯ ಪಕ್ಕ ನಿಲ್ಲಿಸಬಹುದಾ ಅಂತ ಜೋರು ಚರ್ಚೆ. "ಅದಕ್ಕೆ ಊಟ ಆಗಿದೆ" ಅಂತ ಹುಲಿಯ ಯಜಮಾನ ತೀರ್ಪು ಕೊಟ್ಟ. ನಿಂತಿದೆ.

ನಿಜ ಹೇಳಬೇಕಂದ್ರೆ ಬೈಬಲಿನ ಲೂಕನ ಸುವಾರ್ತೆಯ ಈ ಕತೆಯಲ್ಲಿ ಎತ್ತು, ಕತ್ತೆಯೂ ಇಲ್ಲ. ಮೇವಿನ ತೊಟ್ಟಿ ಇದೆ, ಕುರುಬರಿದ್ದಾರೆ, ಅಷ್ಟೇ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಜೀವಂತ ಎತ್ತು, ಕತ್ತೆ ನಿಲ್ಲಿಸಿ ಗೋದಲಿ ಮಾಡಿದ್ದರು. ಹಾಗಿರುವಾಗ ಹುಲಿಯನ್ನು ಹೊರಗಟ್ಟಲು ನಾನು ಯಾರು?

ತೊಟ್ಟಿಯನ್ನು ಮಾತ್ರ ಖಾಲಿ ಬಿಟ್ಟೆವು. ಬಾಲ ಯೇಸುವನ್ನು ಇಡುವುದು 24ಕ್ಕೆ.

ಬುಧವಾರ

ವಾರದಲ್ಲಿ ನನಗೆ ತುಂಬ ಇಷ್ಟವಾದ ದಿನ. ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳು. ಕರ್ಜಿಕಾಯಿಯಂಥ ನೆವ್ರಿಗೆ ಎಳ್ಳು ಹುರಿದು ಹೂರಣ ಮಾಡಬೇಕು, ಚಕ್ಕುಲಿಗೆ ಒರಳು ಒತ್ತುವ ಶಕ್ತಿ ಬೇಕು. ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು ಹುಳದಾಕಾರದ ಸಿಹಿ ಕಿಡಿಯೊ.

ಮೈದಾಕ್ಕೆ ಚಿಟಿಕೆ ಉಪ್ಪು, ಬೇಕಾದಷ್ಟೇ ತೆಂಗಿನಹಾಲು. ಕೆಲವು ಮನೆಗಳಲ್ಲಿ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ತಿನ್ನದ ಮಕ್ಕಳಿದ್ದಾರೆ, ಹಾಗಾಗಿ ಇಲ್ಲಿ ಬೇಡ. ಹಿಟ್ಟು ಮೆತ್ತಗಿರಬೇಕು, ಬೆರಳಿಗೆ ಅಂಟಬಾರದು. ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ, ಹಾಗೇ ಸುರುಳಿ ಸುತ್ತಬೇಕು. ಗೀರು ಗೀರಿನ ಹುಳ ಸಿದ್ಧ. ಅಜ್ಜಿಯಂದಿರು ಹೊಸ ಬಾಚಣಿಗೆಯ ಮೇಲೂ ಒತ್ತುತ್ತಾರೆ. ಮಕ್ಕಳಿಗೆ ಬಾಚಣಿಗೆಯೇ ಒಳ್ಳೆಯದು, ಅಗಲವಾಗಿ ಇರುತ್ತದೆ, ಚುಚ್ಚುವುದಿಲ್ಲ.

ಮೊದಲು ಎಲ್ಲರೂ ಜೋರಾಗಿ ಒತ್ತಿದರು, ಹಿಟ್ಟು ಹಲ್ಲುಗಳ ನಡುವೆ ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಹೆಬ್ಬೆರಳಿಗೆ ಲೆಕ್ಕ ಗೊತ್ತಾಯಿತು. ಪೆನ್ಸಿಲ್ ಹಿಡಿಯಲು ಬೇಕಾಗುವುದು ಇದೇ ಹಿಡಿತ. ಬರೆಯಲು ಒಪ್ಪದೆ ಮುಖ ತಿರುಗಿಸುವ ಹುಡುಗಿಯೊಬ್ಬಳು ಬೆಲ್ ಹೊಡೆದ ಮೇಲೂ ಏಳಲಿಲ್ಲ. ಆಟದಿಂದ ಕಲಿಸಿ ಅಂತ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಪುಟಗಟ್ಟಲೆ ಹೇಳುತ್ತದೆ. ನಮ್ಮ ಅಡುಗೆಮನೆಗಳಿಗೆ ಇದು ಮೊದಲೇ ಗೊತ್ತಿತ್ತು.

ಒಂದು ಸಲಹೆ: ಸುತ್ತಿದ್ದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ. ಕರಿಯುವುದು, ಪಾಕ ಹಿಡಿಸುವುದು ನಮ್ಮ ಆಯಾ ಅಕ್ಕನ ಕೆಲಸ. ಮಕ್ಕಳನ್ನು ಆ ಕಡೆ ಬಿಡಲಿಲ್ಲ.

ಗುರುವಾರ

ಪಾಪುವಿಗೆ ಜೋಗುಳ. ಮನೆಯಲ್ಲಿ ಹಾಡುವುದನ್ನೇ ಹಾಡಿ ಅಂದೆ. ತುಳುವಿನಲ್ಲಿ ಶುರುವಾಗಿ ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಸುತ್ತಿ ಬಂತು. ಇಬ್ಬರು ನಿಜಕ್ಕೂ ನಿದ್ದೆ ಹೋದರು. ಕ್ಯಾರಲ್ಸ್ ಪ್ರಾಕ್ಟೀಸ್ ಹೇಳಿಕೊಳ್ಳುವಂಥದ್ದೇನಲ್ಲ.

ಶುಕ್ರವಾರ

ಸಾಂತಾ ಬೇಕೇ ಬೇಕು ಅಂತ ಪಾಲಕರ ಒತ್ತಾಯ. ಮುಖವಾಡ ಬೇಡ ಅನ್ನುವುದು ನನ್ನ ಷರತ್ತು. ಮೇಣದ ಮುಖ, ಹತ್ತಿಯ ಗಡ್ಡ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಈ ವಯಸ್ಸಿನವರು ಹೆದರಿ ಅಳುತ್ತಾರೆ. ನಮ್ಮ ಡ್ರೈವರಣ್ಣ ಮಕ್ಕಳ ಎದುರೇ ಕೋಟು ತೊಟ್ಟು, ಟೊಪ್ಪಿ ಇಟ್ಟು ಸಾಂತಾ ಆದರು. ಯಾರೂ ಅಳಲಿಲ್ಲ. ಅವರು ಯಾರೆಂದು ಗೊತ್ತಿದ್ದೂ ಚಾಕೊಲೇಟಿಗೆ ಸಾಲು ನಿಂತರು. ಈಗಿನ ಟರ್ಕಿಯ ಮೈರಾ ಎಂಬ ಊರಲ್ಲಿ ನಾಲ್ಕನೇ ಶತಮಾನದಲ್ಲಿದ್ದ ಬಿಷಪ್ ಸಂತ ನಿಕೋಲಸರ ಕತೆಯನ್ನು ನಾಲ್ಕು ಮಾತಲ್ಲಿ ಹೇಳಿದೆ. ಚಾಕೊಲೇಟ್ ಮುಂದೆ ಅದು ಯಾರಿಗೆ ಬೇಕು?

ರಾಗಿ ಈಗ ಬೆರಳುದ್ದ. ಬೆಳಕಿನ ಕಡೆಗೆ ವಾಲಿದೆ, ಟ್ರೇಯನ್ನು ದಿನಾ ತಿರುಗಿಸಿಡಬೇಕು. ಪಾಪುವನ್ನು ಇಡಲು 24ರ ಸಂಜೆ ಅಪ್ಪ ಅಮ್ಮನ ಜೊತೆ ಬರಬಹುದು ಅಂತ ಡೈರಿಯಲ್ಲಿ ಬರೆದು ಕಳಿಸಿದ್ದೇನೆ.

ಮುಂದಿನ ಕೆಲಸ

ಜನವರಿ 6 ಬಾಲ ಯೇಸುವಿಗೆ ಕಾಣಿಕೆ ತಂದ ಮೂರು ರಾಯರ ಹಬ್ಬ. ಶಾಲೆ ತೆರೆದ ಮೇಲೆ ಚಿನ್ನ, ಧೂಪ, ರಕ್ತಬೋಳದ ಪಾಠ ಮೂಗಿನಿಂದಲೇ ಶುರು. ಚಿನ್ನಕ್ಕೆ ಮಿಂಚುಕಾಗದ ಇದೆ. ಧೂಪದ ಬದಲು ಸಾಂಬ್ರಾಣಿ, ಎಲ್ಲರ ಮನೆಗೂ ಗೊತ್ತಿರುವ ವಾಸನೆ. ಬೋಳವನ್ನು ಗ್ರಂಥಿಗೆ ಅಂಗಡಿಯಲ್ಲಿ ಕೇಳಬೇಕು. ಒಂಟೆ ಯಾರ ಮನೆಯಲ್ಲೂ ಇಲ್ಲವಂತೆ. ಹುಲಿಯೇ ರಾಜರನ್ನು ಹೊತ್ತು ತರುತ್ತದೆ ಅಂತ ಕ್ಲಾಸಿನಲ್ಲಿ ಆಗಲೇ ತೀರ್ಮಾನವಾಗಿದೆ.