ಅರ್ಧ ಕಿಲೋ ಕೋತಿಯ ಹಿಂದೆ ಒಂದು ಹಗಲು

ಬ್ರೆಜಿಲ್‌ನ ರಿಯೋ ಡಿ ಜನೈರೊ ರಾಜ್ಯದಲ್ಲಿರುವ ಪೋಸೊ ದಾಸ್ ಆಂತಾಸ್ ಮಳೆಕಾಡಿನಲ್ಲಿ ಗೋಲ್ಡನ್ ಲಯನ್ ಟ್ಯಾಮರಿನ್ ಎಂಬ ಪುಟ್ಟ ಕೋತಿಗಳ ಹಿಂದೆ ಹೋಗುವ ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ಕತ್ತಲಾಗುವ ಮೊದಲೇ ಇಡೀ ಕುಟುಂಬ ಮರದ ಪೊಟರೆ ಸೇರಿಬಿಡುತ್ತದೆ. ಯಾವ ಮರವೆಂದು ಗುರುತಿಡದಿದ್ದರೆ ಮರುದಿನದ ಬೆಳಗೆಲ್ಲ ಹುಡುಕಾಟಕ್ಕೇ ಹೋಯಿತು. ಒಂದೆರಡು ಕೋತಿಗಳ ಕುತ್ತಿಗೆಯಲ್ಲಿ ರೇಡಿಯೋ ಕಾಲರ್ ಇರುತ್ತದೆ, ನಿಜ. ಆದರೆ ಗುಡ್ಡಗಳ ನಡುವೆ ಸಿಗ್ನಲ್ ಪುಟಿದು ಬಂದು ದಿಕ್ಕು ತಪ್ಪಿಸುತ್ತದೆ. ರಿಸೀವರ್‌ನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ತಗ್ಗಿಸಿ, ಬೇರೆಬೇರೆ ಜಾಗದಲ್ಲಿ ನಿಂತು ಕೇಳಿ, ದಿಕ್ಕುಗಳು ಎಲ್ಲಿ ಕೂಡುತ್ತವೆಂದು ನೋಡಬೇಕು.

ಬಿಸಿಲೇರುವಾಗ ಒಂದೊಂದೇ ಹೊರಬರುತ್ತವೆ. ದೊಡ್ಡದರ ತೂಕವೂ ಅರ್ಧ ಕಿಲೋ ದಾಟಿ ಸ್ವಲ್ಪ, ಅಷ್ಟೇ. ಇಷ್ಟು ಚಿಕ್ಕ ಮೈಗೆ ಪೊಟರೆ ಬೆಚ್ಚಗಿನ ಆಸರೆ. ಟಾಯ್ರಾ ಎಂಬ ಬೇಟೆಗಾರ ಪ್ರಾಣಿ ಬಾಯಿಗೆ ಬಂದು ನಿಂತರೆ ಅದೇ ಪೊಟರೆ ಬೋನು. ಮೊದಲು ಹಣ್ಣು, ಆಮೇಲೆ ಹುಳಹುಪ್ಪಟೆ. ಅನಾನಸಿನ ಬಳಗದ ಗಿಡಗಳು ಇಲ್ಲಿ ಮರದ ಕೊಂಬೆಗಳ ಮೇಲೇ ಬೆಳೆಯುತ್ತವೆ. ಅವುಗಳ ಎಲೆಬುಡದಲ್ಲಿ ನೀರು ನಿಂತಿರುತ್ತದೆ, ಮಿಡತೆ, ಕಪ್ಪೆ ಅಡಗಿರುತ್ತವೆ. ಕೋತಿ ನೋಡದೆಯೇ ತನ್ನ ಉದ್ದನೆಯ ಬೆರಳನ್ನು ಒಳಗಿಳಿಸಿ ತಡಕುತ್ತದೆ. ಕಾಲಿನ ಹೆಬ್ಬೆರಳು ಬಿಟ್ಟರೆ ಉಳಿದೆಲ್ಲ ಬೆರಳಿಗೂ ಪಂಜದಂಥ ಉಗುರಿರುವುದರಿಂದ ದಪ್ಪ ಕಾಂಡವನ್ನೂ ಅಳಿಲಿನ ಹಾಗೆ ಹಿಡಿದು ನಿಲ್ಲಬಲ್ಲದು.

ಹೊಸಬರು ತಪ್ಪುವುದು ಮರಿ ಹೊತ್ತ ಕೋತಿಯ ವಿಷಯದಲ್ಲಿ. ಬೆನ್ನ ಮೇಲೆ ಮರಿ ಕಂಡೊಡನೆ ತಾಯಿ ಎಂದು ಬರೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹುಟ್ಟುವುದು ಅವಳಿ. ಎರಡರ ತೂಕ ಸೇರಿದರೆ ತಾಯಿಯ ಐದನೇ ಒಂದು ಭಾಗ. ಮೊದಲ ಕೆಲವು ವಾರ ತಾಯಿ ಹೊರುತ್ತಾಳೆ, ನಂತರ ಹೊರೆ ಹೆಚ್ಚಾಗಿ ತಂದೆಯದು, ಅಣ್ಣ ಅಕ್ಕಂದಿರದೂ. ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು, ಸಾಕುವುದು ಎಲ್ಲರೂ. ಹೊತ್ತ ಕೋತಿ ಸುಮ್ಮನೆ ಕೂತಿರುತ್ತದೆ, ಹಾಗಾಗಿ ಲೆಕ್ಕದಿಂದಲೇ ತಪ್ಪಿಹೋಗುತ್ತದೆ. ಓಡಾಡುವವನ್ನೇ ನೋಡುತ್ತಾ ಹೋದರೆ ಟಿಪ್ಪಣಿಯೆಲ್ಲ ಓಡಾಟವೇ. ನಿಗದಿತ ಹೊತ್ತಿಗೊಮ್ಮೆ ಪ್ರತಿಯೊಂದನ್ನೂ ಹುಡುಕಿ ಬರೆಯಬೇಕು.

ಕಿವಿಗೊಡಬೇಕಾದದ್ದು ಊಟದ ಕೂಗಿಗೆ. ದೊಡ್ಡದು ಮಿಡತೆ ಹಿಡಿದು ಮರಿಯನ್ನು ಕರೆಯುತ್ತದೆ. ಮರಿ ಬೆಳೆದಂತೆ ಕೆಲವೊಮ್ಮೆ ಕೈಯಲ್ಲಿ ಏನೂ ಇರದಿದ್ದರೂ ಅದೇ ಕೂಗು: ಹುಳು ಅಡಗಿರುವ ಜಾಗಕ್ಕೆ ಕರೆದು, ಹೊರತೆಗೆಯುವುದನ್ನು ಮರಿಗೇ ಬಿಡುತ್ತದೆ. ಇದನ್ನು ಪಾಠ ಹೇಳುವುದು ಎಂದು ಕರೆಯಲು ನನಗಂತೂ ಸಂಕೋಚವಿಲ್ಲ.

ಹಳದಿ ಜ್ವರ ಬಂದಮೇಲೆ ದಿನದ ಕೆಲಸಕ್ಕೆ ಲಸಿಕೆಯೂ ಸೇರಿತು. ಸುಮಾರು 3,700 ಇದ್ದ ಕೋತಿಗಳು ಆ ಪಿಡುಗಿನಲ್ಲಿ 2,500ಕ್ಕೆ ಇಳಿದವು. ಮಲೆನಾಡಿನವರಿಗೆ ಇದು ಹೊಸ ಸಂಗತಿಯಲ್ಲ. ಮಂಗನ ಕಾಯಿಲೆಯ ವೈರಸ್ಸೂ ಇದೇ ಬಳಗದ್ದು, ಅಲ್ಲಿ ಹರಡುವುದು ಉಣ್ಣೆ, ಇಲ್ಲಿ ಸೊಳ್ಳೆ. 2021ರಿಂದ ಕಾಡಿನ ಕೋತಿಗಳಿಗೇ ಲಸಿಕೆ ಹಾಕತೊಡಗಿದರು. ಬಾಳೆಹಣ್ಣಿಟ್ಟ ಬೋನಿನಲ್ಲಿ ಹಿಡಿದು, ತೂಗಿ, ಚುಚ್ಚಿ, ದೂರದಿಂದ ಗುರುತು ಸಿಗಲೆಂದು ರೋಮಕ್ಕೆ ಬಣ್ಣ ಹಚ್ಚುತ್ತಾರೆ. ಬಣ್ಣ ಮಾಸುತ್ತದೆ, ಮತ್ತೆ ಹಚ್ಚಬೇಕು. ಬಿಡುವಾಗ ಮಾತ್ರ ಹಿಡಿದ ಜಾಗದಲ್ಲೇ, ಇಡೀ ಕುಟುಂಬವನ್ನು ಒಟ್ಟಿಗೇ ಬಿಡಬೇಕು.